ಬಾಯ್ಲರಿಗೊಂದು ಊದುಬತ್ತಿ

ನಮ್ಮ ಭಾವನವರಿಗೆ ಮನುಷ್ಯರ ಮುಖಕ್ಕಿಂತ ಕಾರುಗಳ ಹಿಂಭಾಗದ ಪರಿಚಯವೇ ಹೆಚ್ಚು ಎಂದರೆ ನೀವು ದಯವಿಟ್ಟು ಅಪಾರ್ಥ ಮಾಡಿಕೊಳ್ಳಬಾರದು. ಅವರು ಮಿಷಿಗನ್ನಿನ ವಾರೆನ್‌ನಲ್ಲಿ ಎಕ್ಸಾಸ್ಟ್ ಎಂಜಿನಿಯರ್ ಆಗಿದ್ದವರು. ಅಂದರೆ, ಎಂಜಿನ್ನು ಉಗುಳಿದ ಹೊಗೆಯನ್ನು ಕಾರಿನ ಹೊಟ್ಟೆಯ ಕೆಳಗಿಂದ ಸದ್ದಿಲ್ಲದೆ, ಮರ್ಯಾದೆಯಾಗಿ ಆಚೆ ಕಳಿಸುವ ಕೊಳವೆಯ ಶಿಲ್ಪಿ. ಕಾರು ಕೊಳ್ಳುವವರು ಬಣ್ಣ ನೋಡುತ್ತಾರೆ, ಸೀಟು ನೋಡುತ್ತಾರೆ, ಕಾಫಿ ಲೋಟ ಇಡಲು ಜಾಗ ಇದೆಯೇ ಎಂದು ನೋಡುತ್ತಾರೆ. ಹೊಗೆ ಕೊಳವೆಯನ್ನು ಯಾರು ನೋಡುತ್ತಾರೆ? ನಮ್ಮ ಭಾವ ನೋಡುತ್ತಾರೆ!

ಬರೀ ನೋಡಿದರೆ ಪರವಾಗಿರಲಿಲ್ಲ, ಬಗ್ಗುತ್ತಾರೆ. ಯುಗಾದಿಯ ಕಾರ್ಯಕ್ರಮಕ್ಕೆಂದು ಕನ್ನಡಿಗರೆಲ್ಲ ಯಾವುದೋ ಹೈಸ್ಕೂಲಿನ ಪಾರ್ಕಿಂಗ್ ಲಾಟಿನಲ್ಲಿ ರೇಷ್ಮೆ ಸೀರೆ, ಜುಬ್ಬಾ ಸರಿಮಾಡಿಕೊಂಡು ಇಳಿಯುತ್ತಿದ್ದರೆ, ಭಾವ ಪಂಚೆ ಎತ್ತಿ ಕಟ್ಟಿ ಒಂದೊಂದೇ ಕಾರಿನ ಹಿಂದೆ ಮಂಡಿಯೂರುತ್ತಾರೆ. ಮೂಗು ಒಡ್ಡುತ್ತಾರೆ, ಕಿವಿಗೊಡುತ್ತಾರೆ, ಒಮ್ಮೆ ತಲೆಯಾಡಿಸುತ್ತಾರೆ. ಆಮೇಲೆ ಕಾರಿನ ಒಡೆಯರಿಗೆ, “ನಿಮ್ಮ ಗಾಡಿಗೆ ಅಜೀರ್ಣ ಆಗೇದ, ತೋರಸ್ರಿ” ಎಂದು ತಮ್ಮ ಧಾರವಾಡದ ಕನ್ನಡದಲ್ಲಿ ಸಲಹೆ ಕೊಡುತ್ತಾರೆ. ಒಮ್ಮೆ ಸೆಕ್ಯುರಿಟಿಯವನು ಬಂದು, ಪರರ ಕಾರಿನ ಹಿಂದೆ ಏನು ಕೆಲಸ ಎಂದು ಕೇಳಿದ. ಭಾವ ಅವನಿಗೆ ಹೊಗೆ ಶುದ್ಧಿಯಾಗುವ ಕ್ರಮವನ್ನು ಮೊದಲಿನಿಂದ ವಿವರಿಸತೊಡಗಿದರು. ಅವನು ಬೇರೆ ಕಳ್ಳರನ್ನು ಹುಡುಕಿಕೊಂಡು ಹೋದ.

ಈ ಹೊಗೆಯ ಹುಚ್ಚು ಅಮೆರಿಕ ಕೊಟ್ಟದ್ದಲ್ಲ. ಮೈಸೂರಿನಲ್ಲಿ ನಮ್ಮ ಅಕ್ಕನೊಂದಿಗೆ ನಡೆದ ಅವರ ಮದುವೆಯಲ್ಲೇ ನಮಗೆ ಅದರ ಮೊದಲ ದರ್ಶನವಾಗಿತ್ತು. ಹೋಮಕ್ಕೆ ಕೂತ ವರ ಮಂತ್ರ ಹೇಳುವುದು ಬಿಟ್ಟು, ಕಟ್ಟಿಗೆ ಹಸಿ ಇದೆ, ಕೆಳಗಿಂದ ಗಾಳಿ ಸಾಲದು ಎಂದು ತಕರಾರು ತೆಗೆದರು. ಪುರೋಹಿತರು, “ಸ್ವಾಮಿ, ನೀವು ಮದುವೆ ಆಗೋಕೆ ಬಂದಿದೀರೋ, ಒಲೆ ರಿಪೇರಿಗೆ ಬಂದಿದೀರೋ?” ಎಂದು ಕೇಳಿದರು. ವರನೇ ಎದ್ದು ಹೋಮಕುಂಡದ ಕೆಳಗೆ ಇಟ್ಟಿಗೆ ಕೊಟ್ಟು, ಎದುರು ಬದುರು ಕಿಟಕಿ ತೆರೆಸಿ, ಹೊಗೆಯನ್ನು ನೇರ ರಸ್ತೆಗೆ ಅಟ್ಟಿದರು. ಛತ್ರದಲ್ಲಿ ಒಬ್ಬರ ಕಣ್ಣೂ ಉರಿಯಲಿಲ್ಲ. ಅನಾಹುತವಾದದ್ದೇ ಅಲ್ಲಿ! ಹೆಣ್ಣು ಒಪ್ಪಿಸಿಕೊಡುವ ಹೊತ್ತಿಗೆ ನಮ್ಮ ಅಮ್ಮನಿಗೆ ಅಳು ಬರಲಿಲ್ಲ. ಸಾಮಾನ್ಯವಾಗಿ ಆ ಹೊತ್ತಿನಲ್ಲಿ ದುಃಖ ಸ್ವಲ್ಪ, ಹೊಗೆ ಸ್ವಲ್ಪ ಸೇರಿ ತಾಯಂದಿರ ಮಾನ ಉಳಿಸುತ್ತವೆ. ಅಮ್ಮ ಒಣಗಣ್ಣಿನಲ್ಲಿ ನಿಂತ ಫೋಟೋ ನೋಡಿ ನೆಂಟರು ಇವತ್ತಿಗೂ ಆಡಿಕೊಳ್ಳುತ್ತಾರೆ. ಅಳಿಯನ ಮೇಲೆ ಅಮ್ಮನ ಮುನಿಸಿಗೆ ಅಷ್ಟೇ ವಯಸ್ಸು.

ಹೀಗೆ ಸುಖವಾಗಿ ಬಗ್ಗಿಕೊಂಡಿದ್ದ ಭಾವನವರ ಬಾಳಿಗೆ ರಿಸೆಷನ್ ಬಂತು. ಡೆಟ್ರಾಯಿಟ್ ಸುತ್ತಮುತ್ತ ಕಾರು ಕೊಳ್ಳುವವರಿಗಿಂತ ಕಾರು ಮಾಡುವವರೇ ಹೆಚ್ಚಾದರೆ ಏನಾಗಬೇಕು? ಅದೇ ಆಯಿತು. ಒಂದು ಬೆಳಿಗ್ಗೆ ಭಾವ ತಮ್ಮ ಮೇಜಿನ ಮೇಲಿದ್ದ ಗಣಪತಿಯನ್ನೂ, ಕತ್ತರಿಸಿದ ಸೈಲೆನ್ಸರಿನ ಒಂದು ತುಂಡನ್ನೂ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಮನೆಗೆ ಬಂದರು. ಪೆಟ್ಟಿಗೆಯನ್ನು ಗ್ಯಾರೇಜಿನಲ್ಲಿಟ್ಟವರು ಮತ್ತೆ ಅದರ ಕಡೆ ತಿರುಗಿ ನೋಡಲಿಲ್ಲವಂತೆ.

ಕೆಲವು ವಾರಗಳ ಮೇಲೆ ಅಕ್ಕ ಫೋನ್ ಮಾಡಿದಳು. ಕೆಲಸ ಹೋದ ವಿಷಯ ಅವಳಿಗೆ ದೊಡ್ಡದಾಗಿರಲಿಲ್ಲ. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿದ್ದಳು, ಮನೆ ನಡೆಯುತ್ತಿತ್ತು. ಅವಳನ್ನು ಹೆದರಿಸಿದ್ದು ಬೇರೆಯೇ.

“ನಿನ್ನೆ ಇಂಡಿಯನ್ ಸ್ಟೋರ್‌ಗೆ ಹೋಗಿದ್ವಿ ಕಣೋ. ಪಕ್ಕದಲ್ಲೇ ಒಂದು ಹಳೇ ಟ್ರಕ್ಕು ಕರ್ರಗೆ ಹೊಗೆ ಬಿಡ್ತಾ ನಿಂತಿತ್ತು. ಇವರು ತಿರುಗೂ ನೋಡಲಿಲ್ಲ. ಬಗ್ಗೋದೇ ಬಿಟ್ಟುಬಿಟ್ಟಿದಾರೆ.”

ಇಷ್ಟು ವರ್ಷ ಗಂಡ ಬಗ್ಗಿದನೆಂದು ತಲೆ ಚಚ್ಚಿಕೊಂಡವಳು ಈಗ ಬಗ್ಗಲಿಲ್ಲವೆಂದು ಅಳುತ್ತಿದ್ದಳು! ಏನಾದರೂ ನೆಪ ಮಾಡಿ ನಿನ್ನ ಮನೆಗೆ ಕರೆಸಿಕೋ ಎಂದಳು. ನಾನು ನೆಪ ಹುಡುಕತೊಡಗಿದೆ.

ನೆಪಕ್ಕೆ ನಮ್ಮ ಮನೆಯಲ್ಲಿ ಬರವಿರಲಿಲ್ಲ. ಮನೆ ಮಾರುವವರು ಸಾಲುಗಟ್ಟಿದ್ದ ಆ ಕಾಲದಲ್ಲಿ ನಾವು ವಿಮಾನ ನಿಲ್ದಾಣದ ಪಕ್ಕದ ಡೆಸ್ ಪ್ಲೇನ್ಸ್ ಊರಿನಲ್ಲಿ ಒಂದು ಮುದಿ ಇಟ್ಟಿಗೆ ಮನೆ ಕೊಂಡಿದ್ದೆವು. ವಿಮಾನಗಳು ನಮ್ಮ ಚಾವಣಿಯನ್ನು ಸವರಿಕೊಂಡೇ ಇಳಿಯುತ್ತಿದ್ದವು. ಬೇಸ್‌ಮೆಂಟಿನಲ್ಲಿ ನೀರು ಕಾಯಿಸಿ ಮನೆಯ ತುಂಬ ಬಿಸಿ ಹರಿಸುವ ಗ್ಯಾಸ್ ಬಾಯ್ಲರ್ ಇತ್ತು. ಅದು ಹೊಸದು, ಅದರ ಹೊಗೆ ಹೋಗುವ ಚಿಮಣಿ ಮಾತ್ರ ಕಲ್ಲಿದ್ದಲು ಉರಿಸುತ್ತಿದ್ದ ಕಾಲದ್ದು. ನಾನು ಸಾಫ್ಟ್‌ವೇರಿನವನು. ಯಾವ ಯಂತ್ರ ಕೆಟ್ಟರೂ ಆಫ್ ಮಾಡಿ ಆನ್ ಮಾಡುವುದನ್ನು ಬಿಟ್ಟರೆ ಬೇರೆ ವಿದ್ಯೆ ಗೊತ್ತಿಲ್ಲ. ಬಾಯ್ಲರ್ ಕೆಟ್ಟಿರಲಿಲ್ಲವಾದ್ದರಿಂದ ಅದನ್ನೂ ಮಾಡಿರಲಿಲ್ಲ.

ಮೈಸೂರಿನಿಂದ ಬಂದಿದ್ದ ಅಮ್ಮ ಆ ಬಾಯ್ಲರಿನ ಪಕ್ಕದ ಕೋಣೆಯನ್ನೇ ಆರಿಸಿಕೊಂಡಿದ್ದರು. ಅಲ್ಲಿ ಬೆಚ್ಚಗಿರುತ್ತದೆ ಎಂದು. ಚಳಿ ಶುರುವಾದ ಮೇಲೆ ಬೆಳಿಗ್ಗೆ ಎದ್ದರೆ ಅಮ್ಮನಿಗೆ ತಲೆನೋವು. ಅಮ್ಮ ಅದನ್ನು ಪಿತ್ತ ಎಂದು ಜೀರಿಗೆ ಕಷಾಯ ಕುಡಿದರು. ವುಡ್‌ರಿಡ್ಜ್‌ನ ನಮ್ಮ ಗೆಳೆಯ ಡಾಕ್ಟರ್ ಅಂಕಲ್ ಫೋನಿನಲ್ಲೇ ಪರೀಕ್ಷಿಸಿ ಜೆಟ್ ಲ್ಯಾಗ್ ಎಂದರು. ಅಮ್ಮ ಬಂದು ಒಂದು ತಿಂಗಳಾಗಿತ್ತು! ನನ್ನ ಮಗಳು ಟೀವಿಯ ಕಡೆ ಬೆರಳು ತೋರಿಸಿ “ಟೂ ಮಚ್ ಸೀರಿಯಲ್, ಅಜ್ಜಿ” ಎಂದಳು. ಮೂವರಲ್ಲಿ ಯಾರ ಮಾತು ಸರಿ ಎಂದು ನಾವು ಚರ್ಚಿಸುತ್ತಾ ಕಾಫಿ ಕುಡಿಯುತ್ತಿದ್ದೆವು.

ಭಾವನಿಗೆ ಫೋನ್ ಮಾಡಿ, ಚಿಮಣಿ ಹಳೆಯದು, ಬಂದು ನೋಡಿ ಎಂದೆ. “ನೋಡೋಣು” ಎಂದರು. ಬರುವುದಿಲ್ಲ ಎಂಬುದಕ್ಕೆ ಧಾರವಾಡದವರ ಮರ್ಯಾದೆಯ ಮಾತು. ಇನ್ನೇನು ಫೋನ್ ಇಡಬೇಕು ಎನ್ನುವಾಗ ಲೋಕಾಭಿರಾಮವಾಗಿ ಅಮ್ಮನ ತಲೆನೋವಿನ ವಿಷಯ ಹೇಳಿದೆ. ಭಾವ ತಟ್ಟನೆ ಕೇಳಿದರು.

“ಬಾಯ್ಲರ್ ಮಗ್ಗಲದ ಖೋಲಿಯೊಳಗ ಮಲಗ್ತಾರೇನು?”

“ಹೌದು.”

“ಈಗಿಂದೀಗ ಬಾಯ್ಲರ್ ಬಂದ್ ಮಾಡು. ಅತ್ತಿಯವರನ್ನ ಮ್ಯಾಲ ಕರ್ಕೊಂಡ್ ಬಾ. ಎಲ್ಲಾ ಕಿಟಕಿ ತಗಿ. ನಾ ಹೊಂಟೆ.”

ಹೊರಟೇ ಬಿಟ್ಟರು. ವಾರೆನ್‌ನಿಂದ ನಮ್ಮ ಮನೆಗೆ ಮುನ್ನೂರು ಮೈಲಿ. ಸಾಯಂಕಾಲದ ಹೊತ್ತಿಗೆ ಅವರ ಕಾರು ನಮ್ಮ ಡ್ರೈವ್‌ವೇಯಲ್ಲಿತ್ತು. ಮೇಲೆ ಕ್ಯಾರಿಯರಿನಲ್ಲಿ ದಪ್ಪನೆಯ ಸ್ಟೀಲ್ ಕೊಳವೆ ಸುರುಳಿ ಸುತ್ತಿಕೊಂಡು ಕೂತಿತ್ತು. ಅಮ್ಮ ಕಿಟಕಿಯಿಂದ ನೋಡಿ, “ಇದೇನು, ಹೆಬ್ಬಾವು ಹಿಡ್ಕೊಂಡು ಬಂದಿದಾನೆ!” ಎಂದರು. ಭಾವ ಹಲೋ ಎನ್ನಲಿಲ್ಲ, ಶೂ ಬಿಚ್ಚಲಿಲ್ಲ. ನೇರ ಬೇಸ್‌ಮೆಂಟಿಗಿಳಿದು ಚಿಮಣಿಯ ಬುಡದಲ್ಲಿದ್ದ ಪುಟ್ಟ ಕಬ್ಬಿಣದ ಬಾಗಿಲು ತೆರೆದರು. ಒಡೆದ ಹೆಂಚು, ಗಾರೆ, ಇಟ್ಟಿಗೆ ಚೂರು, ಒಂದು ಒಣಗಿದ ಹಕ್ಕಿ ದಡದಡ ಹೊರಗೆ ಬಿದ್ದವು.

ಆಮೇಲೆ ನಮಗೆಲ್ಲ ಪಾಠವಾಯಿತು. ಕಲ್ಲಿದ್ದಲಿನ ಹೊಗೆ ಬಿಸಿ, ಬಿರಬಿರನೆ ಮೇಲೇರುತ್ತದೆ. ಗ್ಯಾಸಿನ ಹೊಗೆ ತಣ್ಣಗೆ, ತೇವವಾಗಿರುತ್ತದೆ. ದಪ್ಪನೆಯವನ ಅಂಗಿಯನ್ನು ಸಣಕಲನಿಗೆ ತೊಡಿಸಿದ ಹಾಗೆ, ಆ ಅಗಲ ಚಿಮಣಿಯಲ್ಲಿ ಅದು ಮೇಲೇರಲಾರದೆ ಬೆವರುತ್ತದೆ. ಆ ಹುಳಿನೀರು ಗಾರೆಯನ್ನು ತಿನ್ನುತ್ತದೆ. ಉದುರಿದ್ದು ದಾರಿ ಕಟ್ಟುತ್ತದೆ. ದಾರಿ ಕಟ್ಟಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಮನೆಯೊಳಗೇ ತಿರುಗಿ ಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. “ನನ್ನ ಮೂಗು ಸುದ್ದಾ ಇದನ್ನ ಹಿಡಿಯಂಗಿಲ್ಲ” ಎಂದರು ಭಾವ. ಅಮ್ಮನ ಪಿತ್ತದ ಮೂಲ ತಿಳಿದು ನನ್ನ ಹೆಂಡತಿ ಅವರ ಹಾಸಿಗೆ ಸುತ್ತಿಕೊಂಡು ಮೇಲಕ್ಕೆ ಹೊರಟಳು.

ಆ ಸಂಜೆ ಅಕ್ಕನಿಗೆ ವರದಿ ಕೊಟ್ಟೆ. ಅಮ್ಮ ಹುಷಾರಾಗಿದ್ದಾರೆ ಎಂದು ಕೇಳಿ ಉಸಿರುಬಿಟ್ಟ ಮೇಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ.

“ಬಗ್ಗಿದ್ರಾ?”

ಚಿಮಣಿಗೆ ಬಗ್ಗಿದರು, ಆದರೆ ಡ್ರೈವ್‌ವೇಯಲ್ಲಿ ನನ್ನ ಕಾರು ಕೆಮ್ಮುತ್ತಿದ್ದರೂ ಅದನ್ನು ದಾಟಿಕೊಂಡು ಹೋದರು ಎಂದೆ. ಅಕ್ಕ ಹೂಂ ಎಂದಳು. ಚಿಮಣಿ ಕರ್ತವ್ಯ, ಕಾರು ಪ್ರೀತಿ. ಅವಳಿಗೆ ಬೇಕಾಗಿದ್ದು ಎರಡನೆಯದು.

ಚಿಮಣಿಯ ಒಳಗೆ, ಬಾಯ್ಲರಿನ ಅಳತೆಗೆ ಸರಿಯಾದ ಸ್ಟೀಲ್ ಕೊಳವೆಯನ್ನು ತುದಿಯಿಂದ ಬುಡದವರೆಗೆ ಇಳಿಬಿಡುವುದು ಭಾವನವರ ಯೋಜನೆ. ಅಲ್ಲಿಯವರೆಗೆ ಬಾಯ್ಲರ್ ಹಚ್ಚುವಂತಿಲ್ಲ. ಹೊರಗೆ ಮೂವತ್ತೈದು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟಲು ಮೂರೇ ಡಿಗ್ರಿ ಬಾಕಿ. ನಾವು ಕರೆಂಟಿನ ಹೀಟರ್ ಸುತ್ತ ಕೂತು, ಊಟವನ್ನೂ ಕೈಗವಸು ಹಾಕಿಕೊಂಡೇ ಮಾಡಬಹುದೇ ಎಂದು ಯೋಚಿಸುತ್ತಿದ್ದೆವು. ಗೆಳೆಯರಿಂದ ಸಲಹೆಗಳು ಬಂದವು. ಡಾಕ್ಟರ್ ಅಂಕಲ್ ಅಂತೂ, ತಮ್ಮ ಮನೆಯಲ್ಲಿ ಚಿಮಣಿ ಎಲ್ಲಿದೆ ಎಂಬುದೇ ತಮಗೆ ಗೊತ್ತಿಲ್ಲ, ಆದರೂ ಇಷ್ಟು ವರ್ಷ ಏನೂ ಆಗಿಲ್ಲ ಎಂದರು. ಅವರ ರೋಗಿಗಳು ಇದೇ ಮಾತನ್ನು ಹೃದಯದ ಬಗ್ಗೆ ಹೇಳಿದರೆ ಬಿಡುತ್ತಾರೆಯೇ?

ನಗರಸಭೆಯ ಅನುಮತಿ ಬಂದ ಮೇಲೆ ಭಾವ ಸೂರು ಹತ್ತಿದರು. ಕೆಳಗೆ ಬೀಳದಂತೆ ಹಿಡಿಯುವ ಹಾರ್ನೆಸ್ಸನ್ನು ಬಾಡಿಗೆಗೆ ತಂದು ತೊಟ್ಟಿದ್ದರೂ, ಅದರ ಮೇಲೊಂದು ಹಳೆಯ ಕಾರಿನ ಸೀಟ್ ಬೆಲ್ಟನ್ನೂ ಬಿಗಿದುಕೊಂಡಿದ್ದರು. ಕಾರನ್ನು ಗೋಡೆಗೆ ಗುದ್ದಿಸಿ ಪರೀಕ್ಷಿಸದ ಯಾವ ಪಟ್ಟಿಯನ್ನೂ ಅವರು ನಂಬುವುದಿಲ್ಲ. ಮೇಲಿನಿಂದ ಅವರು ಕೊಳವೆ ಇಳಿಬಿಡುವುದು, ಅದರ ಮೂತಿಗೆ ಕಟ್ಟಿದ ಹಗ್ಗವನ್ನು ಕೆಳಗೆ ಬೇಸ್‌ಮೆಂಟಿನಲ್ಲಿ ನಾನು ಎಳೆಯುವುದು, ನಡುವೆ ಸೆಲ್‌ಫೋನಿನಲ್ಲಿ ಸಂಭಾಷಣೆ. ಎಳಿ ಎಂದರೆ ಎಳೆಯಬೇಕು, ನಿಲ್ಲು ಎಂದರೆ ನಿಲ್ಲಬೇಕು. ಅಷ್ಟರಲ್ಲಿ ಆಫೀಸಿನಿಂದ ನನಗೆ ಕಾನ್ಫರೆನ್ಸ್ ಕಾಲ್ ಬಂತು. ಯಾರಿಗೆ ಬೇಕಾದರೂ, ಯಾವಾಗ ಬೇಕಾದರೂ ಕೆಲಸ ಹೋಗುತ್ತಿದ್ದ ದಿನಗಳು. ತೆಗೆಯದೆ ಇರುವ ಧೈರ್ಯ ನನಗೆಲ್ಲಿ? ಒಂದು ಕಿವಿಯಲ್ಲಿ ಮ್ಯಾನೇಜರ್, ಮತ್ತೊಂದರಲ್ಲಿ ಹೆಂಡತಿಯ ಫೋನಿನಿಂದ ಭಾವ. “ಜಗ್ಗಬ್ಯಾಡ, ನಿಲ್ಲು!” ಎಂದು ಭಾವ ಹೇಳಿದಾಗ ನಾನು ಮ್ಯಾನೇಜರಿಗೆ ಯೆಸ್ ಎಂದು ಹಗ್ಗ ಜಗ್ಗಿದೆ. ಚಿಮಣಿಯಲ್ಲಿದ್ದ ಅಷ್ಟೂ ಮಸಿ ನನ್ನ ಮೇಲೆ ಅಭಿಷೇಕವಾಯಿತು. ಮಗಳು ಫೋಟೋ ತೆಗೆದು, ಹ್ಯಾಲೋವೀನ್ ವೇಷಕ್ಕೆ ಹಣ ಉಳಿಯಿತು ಎಂದಳು. ನೌಕರಿಯೂ ಉಳಿಯಿತು, ಕೊಳವೆಯೂ ಇಳಿಯಿತು.

ಮೇಲೆ ಮಳೆ ಬೀಳದಂತೆ ಟೋಪಿ, ಕೆಳಗೆ ಬಾಯ್ಲರಿಗೆ ಜೋಡಣೆ. ಬಾಯ್ಲರ್ ಕೋಣೆಯ ಗೋಡೆಗೆ ಹೊರಗಿನ ಗಾಳಿ ಬರಲೆಂದು ಜಾಲರಿಯ ಕಿಂಡಿ, ಅದು ಅಮ್ಮನ ಕೋಣೆಗೂ ಒಂದಿಷ್ಟು ತೆರೆದುಕೊಂಡಿತ್ತು. ವಿಷಗಾಳಿ ಬಂದರೆ ಕೂಗುವ ಅಲಾರಂ ಕೂಡ ಗೋಡೆಯೇರಿತು. ಲೈಸೆನ್ಸ್ ಇದ್ದ ಮೆಕ್ಯಾನಿಕ್ ಬಂದು ಗ್ಯಾಸ್ ಜೋಡಿಸಿದ, ನಗರಸಭೆಯ ಇನ್ಸ್‌ಪೆಕ್ಟರ್ ಬಂದು ಒಪ್ಪಿಗೆ ಕೊಟ್ಟ. ಭಾವ ಮಾತ್ರ ಒಪ್ಪಲಿಲ್ಲ. ಅಡುಗೆಮನೆಯಿಂದ ಮೈಸೂರಿನ ಊದುಬತ್ತಿ ತರಿಸಿ, ಉರಿಯುವ ಬಾಯ್ಲರಿನ ಮೇಲಿನ ಬಾಯಿಯ ಹತ್ತಿರ ಹಿಡಿದರು. ಊದುಬತ್ತಿಯ ಹೊಗೆ ಬಳುಕಿ ಒಳಗೆ ಹೋಯಿತು. ಹೊಗೆ ಒಳಗೆ ಹೋದರೆ ಚಿಮಣಿ ಎಳೆಯುತ್ತಿದೆ, ಮನೆ ಸುರಕ್ಷಿತ; ಮುಖಕ್ಕೆ ಬಂದರೆ ಅಪಾಯ. ಇಷ್ಟೇ ಪರೀಕ್ಷೆ. ಅಂದಿನಿಂದ ದಿನಾ ಸಂಜೆ ಅದೇ ಕ್ರಮವಾಯಿತು. ಅಮ್ಮ ಮೆಟ್ಟಿಲಿನಿಂದ ಇಣುಕಿ ನೋಡಿ, ದೇವರ ಮನೆಗೆ ಕಾಲಿಡದವನು ಬಾಯ್ಲರಿಗಾದರೂ ಊದುಬತ್ತಿ ಬೆಳಗುತ್ತಿದ್ದಾನಲ್ಲ ಎಂದು ಮೊದಲ ಬಾರಿಗೆ ಅಳಿಯನನ್ನು ಮೆಚ್ಚಿದರು. ಮತ್ತೆ ಬೆಚ್ಚಗಿನ ತಮ್ಮ ಕೋಣೆಗೆ ಇಳಿದರು. ತಲೆನೋವು ಮಾಯವಾಗಿತ್ತು. ಜೀರಿಗೆ ಕಷಾಯ ಫಲ ಕೊಟ್ಟಿತು ಎಂದು ಎಲ್ಲರಿಗೂ ಹೇಳಿದರು.

ಆಯುಧಪೂಜೆ ಬಂತು. ನಮ್ಮಲ್ಲಿ ಹಬ್ಬಗಳು ಪಂಚಾಂಗದ ದಿನ ಬರುವುದಿಲ್ಲ, ಎಲ್ಲರಿಗೂ ಬಿಡುವಾಗುವ ಶನಿವಾರ ಬರುತ್ತವೆ. ಮನೆ ತುಂಬ ಜನ. ಅಮ್ಮ ಕಾರುಗಳಿಗೆ, ಲ್ಯಾಪ್‌ಟಾಪಿಗೆ, ಕುಕ್ಕರಿಗೆ ಕುಂಕುಮವಿಟ್ಟು, ಬಾಯ್ಲರಿಗೂ ಧಾರಾಳವಾಗಿ ಬಳಿದು ಸೇವಂತಿಗೆ ಹಾರ ಹಾಕಿದರು. ಮೇಲೆ ನನ್ನ ಹೆಂಡತಿ ದೊಡ್ಡ ಬಾಣಲೆಯಲ್ಲಿ ಒಗ್ಗರಣೆ ಹಾಕುತ್ತಿದ್ದಳು. ಒಣಮೆಣಸಿನಕಾಯಿಯ ಘಾಟಿಗೆ ಹೆದರಿ ನಾವು ಕೂರಿಸಿದ್ದ, ಗಾಳಿ ಹೊರಗೆಳೆಯುವ ಅಡುಗೆಮನೆಯ ಫ್ಯಾನು, ಪಕ್ಕದಲ್ಲಿ ಇಳಿಯುವ ವಿಮಾನಕ್ಕೂ ಸವಾಲು ಹಾಕುವಂಥದ್ದು. ಪೂಜೆಯ ನಡುವೆ ಕೂಗಿ ಮಾನ ಕಳೆಯದಿರಲಿ ಎಂದು, ಭಾವನಿಗೆ ತಿಳಿಸದೆ, ಹೊಗೆಯದು ವಿಷಗಾಳಿಯದು ಎನ್ನದೆ ಎಲ್ಲ ಅಲಾರಮುಗಳ ಬ್ಯಾಟರಿ ತೆಗೆದಿಟ್ಟಿದ್ದೆವು. ಇಲ್ಲಿನ ಕನ್ನಡಿಗರ ಮನೆಗಳಲ್ಲಿ ಪೂಜೆಗೆ ಮೊದಲು ಮಾಡುವ ಸಂಕಲ್ಪವೇ ಅದು. ನಮಗೆ ಗೊತ್ತಿಲ್ಲದೆ ಅಮ್ಮನೂ ಒಂದು ಕೆಲಸ ಮಾಡಿದ್ದರು.

ಬೇಸ್‌ಮೆಂಟಿನಲ್ಲಿ ಮಂಗಳಾರತಿ ಮುಗಿದಿತ್ತು. ಡಾಕ್ಟರ್ ಅಂಕಲ್ ಹಣೆ ಒತ್ತಿಕೊಳ್ಳುತ್ತಾ, ತಲೆ ಸಿಡಿಯುತ್ತಿದೆ, ಕಾಫಿ ತಡವಾದರೆ ತಮಗೆ ಹೀಗೇ ಆಗುವುದು ಎಂದರು. ಪಂಚೆಯುಟ್ಟ ಭಾವ ಎಂದಿನಂತೆ ಊದುಬತ್ತಿ ಹಿಡಿದು ಬಾಯ್ಲರಿನ ಮುಂದೆ ನಿಂತರು. ಊದುಬತ್ತಿಯ ಹೊಗೆ ಒಳಗೆ ಹೋಗಲಿಲ್ಲ. ತಿರುಗಿ ಅವರ ಮುಖಕ್ಕೆ ಬಂತು.

ಭಾವ ಬಾಯ್ಲರ್ ಆರಿಸಿದರು. ತಿರುಗಿ, ಕೂಗದೆ, ಆದರೆ ಯಾರೂ ಎದುರಾಡದ ದನಿಯಲ್ಲಿ, “ಎಲ್ಲಾರೂ ಹೊರಗ ನಡೀರಿ. ಚಪ್ಪಲಿ ಹುಡುಕಬ್ಯಾಡ್ರಿ” ಎಂದರು. ಚಪ್ಪಲಿ ಬಿಡುವುದು ಅಷ್ಟು ಸುಲಭವೇ! ಆದರೂ ಹೋದೆವು. ರೇಷ್ಮೆ ಸೀರೆಗಳು, ಜರಿ ಪಂಚೆಗಳು, ಕೋಸಂಬರಿಯ ತಟ್ಟೆಗಳು, ಎಲ್ಲವೂ ನಮ್ಮ ಮುಂದಿನ ಹುಲ್ಲಿನ ಮೇಲೆ ನಡುಗುತ್ತಾ ನಿಂತವು. ಭಾವ 911ಕ್ಕೆ ಫೋನ್ ಮಾಡಿದರು. ಅಗ್ನಿಶಾಮಕದವರು ಮೀಟರ್ ಹಿಡಿದು ಒಳಗೆ ಹೋಗಿ ಬಂದು, ವಿಷಗಾಳಿ ಇರುವುದು ನಿಜ, ಬೇಗ ಆರಿಸಿ ಹೊರಗೆ ಬಂದದ್ದು ಒಳ್ಳೆಯದಾಯಿತು ಎಂದು, ಎಲ್ಲರನ್ನೂ ಪರೀಕ್ಷಿಸಿದರು. ಆಮೇಲೆ ಅವರಲ್ಲೊಬ್ಬ, ಬಾಯ್ಲರಿನ ಮೇಲೆ ಕೆಂಪಗಿರುವುದೇನು ಎಂದು ಕೇಳಿದ. ನನ್ನ ಮಗಳು ಹೇಳಿದಳು, “ಟುಡೇ ಈಸ್ ಲೈಕ್ ಇಟ್ಸ್ ಬರ್ತ್‌ಡೇ.”

ಮನೆಗೆ ಗಾಳಿಯಾಡಿದ ಮೇಲೆ ಭಾವ ಅವರೊಂದಿಗೆ ಒಳಗೆ ಹೋದರು. ಹೊರಬಂದಾಗ ಕೈಯಲ್ಲಿ ಅಮ್ಮನ ಹಳೆಯ ಹತ್ತಿ ಸೀರೆ ಇತ್ತು. ಗಾಳಿಯ ಕಿಂಡಿಗೆ ಅಮ್ಮ ಅದನ್ನು ಗಿಡಿದು ಮುಚ್ಚಿದ್ದರು. ಗಾಳಿ ಒಳಗೆ ಬರುವ ದಾರಿ ಕಟ್ಟಿತ್ತು, ಮೇಲೆ ಒಗ್ಗರಣೆಯ ಫ್ಯಾನು ಮನೆಯ ಗಾಳಿಯನ್ನೆಲ್ಲ ಹೀರಿ ಹೊರಹಾಕುತ್ತಿತ್ತು. ಗಾಳಿಗೆ ಹಸಿದ ಮನೆ ಚಿಮಣಿಯಿಂದಲೇ ಎಳೆದುಕೊಂಡಿತ್ತು, ಹೊಗೆಯ ಸಮೇತ. ಎಲ್ಲರೂ ಅಮ್ಮನನ್ನು ನೋಡಿದರು. ಕಿವಿಗೆ ಮಫ್ಲರ್ ಸುತ್ತಿಕೊಂಡಿದ್ದ ಅಮ್ಮ ಪುಟ್ಟದಾಗಿ ನಿಂತಿದ್ದರು.

“ತಣ್ಣನೆ ಗಾಳಿ ಕಿವಿಗೇ ಹೊಡೀತಿತ್ತಪ್ಪ. ಶೀತ ಆಗತ್ತೆ ಅಂತ...”

ಭಾವ ಬೈಯುತ್ತಾರೆ ಎಂದುಕೊಂಡೆ. ಬೈಯಬಹುದಾಗಿತ್ತು ಕೂಡ.

“ತಪ್ಪು ನಂದ ಅದ ಅತ್ತಿ. ಆ ಗಾಳಿ ಯಾಕ ಬೇಕು ಅಂತ ಊರ ಮಂದಿಗೆಲ್ಲಾ ಹೇಳಿದೆ. ಅಲ್ಲಿ ಮಲಗೋರು ನೀವು, ನಿಮಗ ಹೇಳಲಿಲ್ಲ.”

ಅಮ್ಮ ಸೆರಗನ್ನು ಕಣ್ಣಿಗೆ ಒತ್ತಿಕೊಂಡರು. ಮದುವೆಯ ದಿನ ಬಾರದೆ ಉಳಿದಿದ್ದ ಅಳು ಅಳಿಯನ ಎದುರಿಗೇ ಬಂತು. ಸುತ್ತ ಎಲ್ಲೂ ಹೊಗೆ ಇರಲಿಲ್ಲ.

ಹಬ್ಬಕ್ಕೆ ಬಂದವರು ಒಬ್ಬೊಬ್ಬರಾಗಿ ಹೊರಡತೊಡಗಿದರು. ತಲೆನೋವು ಇಳಿದಿದ್ದ ಡಾಕ್ಟರ್ ಅಂಕಲ್ ತಮ್ಮ ಮನೆಯ ಚಿಮಣಿ ಎಲ್ಲಿದೆ ಎಂದು ಹುಡುಕಿಕೊಡಲು ಭಾವನನ್ನು ಕೇಳಿಕೊಂಡರು. ಇನ್ನೂ ಇಬ್ಬರು ತಮ್ಮ ಮನೆಗೂ ಬನ್ನಿ ಎಂದರು. ನಾನು ಅಕ್ಕನಿಗೆ ಫೋನ್ ಹಚ್ಚಿ, ನಡೆದದ್ದನ್ನೆಲ್ಲ ಹೇಳತೊಡಗಿದ್ದೆ. ಡಾಕ್ಟರ್ ಅಂಕಲ್ ಕಾರು ಸ್ಟಾರ್ಟ್ ಮಾಡಿದರು. ಭಾವ ಮಾತು ನಿಲ್ಲಿಸಿ ಕತ್ತು ಹೊರಳಿಸಿದರು. ಕುಂಕುಮವಿಟ್ಟ ಆ ದುಬಾರಿ ಕಾರಿನ ಹಿಂದಕ್ಕೆ ಮೆಲ್ಲಗೆ ನಡೆದರು, ಪಂಚೆ ಎತ್ತಿ ಕಟ್ಟಿದರು.

ನಾನು ಮಾತು ಮರೆತೆ. ಅಕ್ಕನಿಗೆ ಹೇಗೋ ತಿಳಿಯಿತು.

“ಬಗ್ಗಿದ್ರಾ?”

“ಬಗ್ಗಿದ್ರು ಅಕ್ಕ.”

ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು ಕೇಳಿತು.

“ಹೊರಗೆ ಅಷ್ಟು ಚಳಿ ಇದೆ. ಸ್ವೆಟರ್ ಹಾಕ್ಕೊಂಡಿದಾರಾ?”

ಹಾಕಿರಲಿಲ್ಲ. ಭಾವ ಕಣ್ಣು ಮುಚ್ಚಿ ಕಾರಿನ ಕೊಳವೆಗೆ ಕಿವಿಗೊಟ್ಟಿದ್ದರು. ಹಿಂದೆಯೇ ಬಂದ ಅಮ್ಮ, ಕಿಂಡಿಯಿಂದ ತೆಗೆದ ಆ ಹಳೆಯ ಸೀರೆಯನ್ನು ಎರಡಾಗಿ ಮಡಿಸಿ ಅವರ ಬೆನ್ನಿಗೆ ಹೊದಿಸುತ್ತಿದ್ದರು.